ಒಂದು ಗೇಣು ಅಂತರ

ಮನು ಮತ್ತು ಮೀನಿನ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಮತ್ಸ್ಯಾವತಾರದ ಕಥೆಯಾಗಿ ಕೇಳಿದ್ದೇವೆ. ಶತಪಥ ಬ್ರಾಹ್ಮಣದಲ್ಲಿ ಅದು ಇನ್ನೂ ಸರಳವಾಗಿದೆ. ಬೆಳಗ್ಗೆ ಕೈ ತೊಳೆಯಲು ತಂದ ನೀರಿನಲ್ಲಿ ಮನುವಿನ ಕೈಗೆ ಒಂದು ಪುಟ್ಟ ಮೀನು ಸಿಗುತ್ತದೆ. ತನ್ನನ್ನು ಸಾಕೆಂದು ಕೇಳಿಕೊಳ್ಳುತ್ತದೆ. ಅವನು ಅದನ್ನು ಮೊದಲು ಗಡಿಗೆಯಲ್ಲಿ, ಬೆಳೆದ ಮೇಲೆ ಹೊಂಡದಲ್ಲಿ ಇಟ್ಟು, ಕೊನೆಗೆ ಸಮುದ್ರಕ್ಕೆ ಬಿಡುತ್ತಾನೆ. ಎಲ್ಲರಿಗೂ ನೆನಪಿರುವುದು ಮುಂದಿನ ಪ್ರಳಯ. ನನಗೆ ಮಾತ್ರ ಗಡಿಗೆಯಿಂದ ಹೊಂಡಕ್ಕೆ ಸಾಗಿಸಿದ ಭಾಗವೇ ಮುಖ್ಯವೆನಿಸುತ್ತದೆ. ಕೈಗೆ ಬಂದ ಜೀವಕ್ಕೆ ತಕ್ಕ ನೀರು ಒದಗಿಸುವುದು ಸಾಕಿದವರ ಋಣ. ಆದರೆ ಆ ನೀರನ್ನು ಮನು ಎಲ್ಲಿಂದ ತಂದ, ಅದರಿಂದ ನೆರೆಯವರಿಗೆ ತೊಂದರೆಯಾಯಿತೇ ಎಂದು ಕಥೆ ಹೇಳುವುದಿಲ್ಲ. ನಮ್ಮಂಥ ಊರುಗಳಲ್ಲಿ ಇರುವವರು ಅದನ್ನು ಕೇಳಿಕೊಳ್ಳಲೇಬೇಕು.

ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರ ಕಣ್ಣಿಗೆ ಕಾಫಿ ತೋಟ, ಜಡಿಮಳೆ, ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿನ ಬಳಿ ಮಂಡಕ್ಕಿಗೆ ಮುತ್ತುವ ದೊಡ್ಡ ಮೀನುಗಳು. ನಮ್ಮ ಕಡೂರು ಅದೇ ಜಿಲ್ಲೆಯಲ್ಲಿದ್ದರೂ ಮಳೆನೆರಳಿನ ಬಯಲುಸೀಮೆ. ಅಕ್ಕ ಇರುವ ತರೀಕೆರೆಗೆ ಭದ್ರೆ ಹತ್ತಿರ. ಲಕ್ಕವಳ್ಳಿಯ ಅಣೆಕಟ್ಟು ಆ ತಾಲ್ಲೂಕಿನದೇ. ಚಿಕ್ಕಮ್ಮನ ಮಗಳು ಮೇಷ್ಟರಾಗಿರುವ ಅಜ್ಜಂಪುರ, ಅಮೃತಮಹಲ್ ದನಗಳ ತಳಿ ಕೇಂದ್ರಕ್ಕೆ ಹೆಸರಾದ ಊರು, ನಮ್ಮಂತೆಯೇ ಒಣ ಪ್ರದೇಶ. ನಲ್ಲಿ ನೀರು ಮೂರು ಊರುಗಳಲ್ಲೂ ಬಿಟ್ಟಾಗ ಬರುತ್ತದೆ, ನಿಲ್ಲಿಸಿದಾಗ ನಿಲ್ಲುತ್ತದೆ. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಅಕ್ಕನ ಮನೆಯ ಹಜಾರದಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಎತ್ತರ, ಒಂದಡಿ ಅಗಲದ ಮೀನಿನ ತೊಟ್ಟಿಯಿದೆ. ಸುಮಾರು 125 ಲೀಟರ್ ನೀರು ಹಿಡಿಯುತ್ತದೆ. ಮೀನಿನ ವಿಸರ್ಜನೆಯಿಂದ ಅಮೋನಿಯಾ ಹುಟ್ಟುತ್ತದೆ. ತೊಟ್ಟಿಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಕೊನೆಯದು ಅಷ್ಟು ವಿಷವಲ್ಲದಿದ್ದರೂ ಸೇರುತ್ತಾ ಹೋಗುತ್ತದೆ. ಅದಕ್ಕೇ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಅಂದರೆ ಎರಡು ಬಕೆಟ್ ಹೊರಗೆ, ಎರಡು ಬಕೆಟ್ ಒಳಗೆ. ಅರವತ್ತು ದಾಟಿದ ಅಕ್ಕನ ಸೊಂಟಕ್ಕೆ ಅದು ಸಣ್ಣ ಕೆಲಸವಲ್ಲ.

ಇದನ್ನು ನೋಡಿ ಅಮೆರಿಕದಲ್ಲಿರುವ ಅವಳ ಮಗ ಒಂದು ಸಾಧನ ತಂದುಕೊಟ್ಟ. ಉದ್ದನೆಯ ಪೈಪಿನ ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ತುದಿ ನಲ್ಲಿಯ ಬಾಯಿಗೆ. ನಲ್ಲಿ ಜೋರಾಗಿ ಬಿಟ್ಟರೆ, ಸಿಂಕಿಗೆ ಧುಮುಕುವ ನೀರಿನ ರಭಸವೇ ತೊಟ್ಟಿಯ ಕೊಳೆ ನೀರನ್ನು ಎಳೆದುಕೊಂಡು ಬರುತ್ತದೆ. ಒಂದು ತಿರುಪು ಮುಚ್ಚಿದರೆ ಅದೇ ನಲ್ಲಿಯ ನೀರು ಅದೇ ಪೈಪಿನಲ್ಲಿ ತೊಟ್ಟಿಗೆ ಹೋಗುತ್ತದೆ. ಬಕೆಟ್ಟೇ ಬೇಡ. ಅಲ್ಲಿನ ನಲ್ಲಿಯ ಬಾಯಿಗೆ ತಿರುಪಿನ ಗೆರೆಗಳಿರುತ್ತವೆ, ಅಕ್ಕನ ಮನೆಯದಕ್ಕೆ ಇಲ್ಲ. ರಬ್ಬರ್ ತುಂಡು ಹಾಕಿ ಕ್ಲಿಪ್ಪು ಬಿಗಿಯಲು ಪ್ಲಂಬರ್‌ನನ್ನು ಕರೆಸುವುದೆಂದಾಯಿತು. ತಾರಸಿಯ ಟ್ಯಾಂಕಿನ ನೀರಿಗೆ ಅಷ್ಟು ರಭಸವಿಲ್ಲ. ಆದ್ದರಿಂದ ಬೀದಿಯಿಂದ ನೇರವಾಗಿ ಬರುವ ನಲ್ಲಿಗೇ ಜೋಡಿಸಬೇಕೆಂದು ಅವಳ ಯೋಜನೆ.

ಅಂದು ನಾವು ಮೂವರೂ ಅಲ್ಲಿದ್ದೆವು. "ಕೊಳೆ ನೀರು ಎಳೆಯೋದಕ್ಕೆ ಅಷ್ಟೇ ಒಳ್ಳೆ ನೀರು ಸಿಂಕಿಗೆ ಹೋಗುತ್ತಲ್ಲಕ್ಕಾ, ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಕೊಡ ಹಿಡ್ಕೊಂಡು ಓಡೋರು ಏನಂದಾರು?" ಎಂದೆ. ಅಕ್ಕ ಸುಮ್ಮನಿರುವವಳಲ್ಲ. "ಮೀನು ತಾನಾಗಿ ಬಂದು ಈ ಗಾಜಿನೊಳಗೆ ಕೂತ್ಕೊಳ್ತಾ? ಕಾರು ತೊಳೆಯೋರನ್ನ ಯಾರೂ ಕೇಳಲ್ಲ, ಜೀವ ಸಾಕೋರನ್ನ ಕೇಳ್ತೀರಿ" ಎಂದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಎರಡು ಬಕೆಟ್ ನೀರು ಮೀನಿನ ಹಕ್ಕು, ನಾವು ಕೊಡುವ ದಾನವಲ್ಲ. ಆದರೆ ಸಿಂಕಿಗೆ ಸುರಿದ ನೀರು ಮೀನಿನದೂ ಅಲ್ಲ, ಮನುಷ್ಯರದೂ ಅಲ್ಲ. ಅದು ನಮ್ಮ ಅನುಕೂಲದ ಲೆಕ್ಕಕ್ಕೆ ಸೇರಬೇಕು. ಕೊಳೆ ನೀರು ತೆಗೆಯಲು ನಲ್ಲಿಯೇ ಬೇಕಿಲ್ಲ. ಪೈಪಿನ ತುದಿ ತೊಟ್ಟಿಗಿಂತ ಕೆಳಗಿದ್ದರೆ ನೀರು ತಾನಾಗಿ ಇಳಿಯುತ್ತದೆ. ಹಿತ್ತಿಲಿಗೆ ಬಿಟ್ಟರೆ ಕರಿಬೇವಿಗೂ ಮಲ್ಲಿಗೆಗೂ ಗೊಬ್ಬರ. ಈ ಪ್ರಶ್ನೆ ಹೀಗೆ ಬಗೆಹರಿಯಿತು.

ಬಗೆಹರಿಯದೆ ಉಳಿದದ್ದು ಎರಡನೆಯದು, ಅದನ್ನು ಎತ್ತಿದವನು ಪ್ಲಂಬರ್. ಪೈಪಿನ ತುದಿ ತೊಟ್ಟಿಯ ನೀರಿನಲ್ಲಿ ಮುಳುಗಿರುವಾಗಲೇ ಬೀದಿಯಲ್ಲಿ ನೀರು ನಿಂತರೆ ಏನಾಗುತ್ತದೆ? ತಗ್ಗಿನ ಮನೆಯವರು ನಲ್ಲಿ ತಿರುಗಿಸಿದರೆ, ಅಥವಾ ಯಾರಾದರೂ ಕೊಳಾಯಿಗೆ ಮೋಟಾರು ಹಾಕಿ ಎಳೆದರೆ, ತೊಟ್ಟಿಯ ನೀರು ಹಿಂದಕ್ಕೆ ಹರಿದು ಬೀದಿಯ ಕೊಳವೆ ಸೇರಬಹುದು. ಮೀನಿಗೆ ರೋಗ ಬಂದಾಗ ಹಾಕುವ ಮಲಕೈಟ್ ಗ್ರೀನ್‌ನಂಥ ಔಷಧಿಯೂ ಅದರೊಂದಿಗೆ ಹೋಗಬಹುದು. ಪಕ್ಕದ ಮನೆಯ ಬಾಣಂತಿ ಮಗುವಿಗೆಂದು ಹಿಡಿದ ಮೊದಲ ತಂಬಿಗೆಯಲ್ಲಿ ಅದು ಇರಬಹುದು. ಇದು ಬರಿಯ ಭಯವಲ್ಲ. 1933ರಲ್ಲಿ ಅಮೆರಿಕದ ಚಿಕಾಗೋದಲ್ಲಿ, ಹೋಟೆಲುಗಳ ಕೊಳವೆಗಳಲ್ಲಿ ಕೊಳೆ ನೀರು ಕುಡಿಯುವ ನೀರಿನೊಡನೆ ಬೆರೆತು ಅಮೀಬಾದ ಆಮಶಂಕೆ ಹರಡಿ, 90ಕ್ಕೂ ಹೆಚ್ಚು ಜನ ಸತ್ತರು.

ಬಾವಿಯ ಕಾಲದಲ್ಲಿ ಇಂಥ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಇತ್ತು. ದನ ಬಾಯಿಟ್ಟ ಬಕೆಟ್ಟನ್ನು ಬಾವಿಗೆ ಇಳಿಸಿದರೆ ನೀರು ಸೇದಲು ನಿಂತ ನಾಲ್ವರು ಹೆಂಗಸರು ನೋಡುತ್ತಿದ್ದರು. ನಲ್ಲಿ ಬಂದ ಮೇಲೆ ನಾವು ಒಬ್ಬರನ್ನೊಬ್ಬರು ಕಾಣುವುದು ತಪ್ಪಿತು. ನಲ್ಲಿ ನಮ್ಮ ಗೋಡೆಯಲ್ಲಿದೆ, ಆದ್ದರಿಂದ ನಮ್ಮದು ಎಂದುಕೊಂಡೆವು. ಗೋಡೆಯ ಹಿಂದೆ ಅದು ಈಗಲೂ ಇಡೀ ಬೀದಿಯ ಬಾವಿ. ಕಾಣದ ನೆರೆಯವರಿಗೂ ನಮ್ಮ ಮೇಲೆ ಅಷ್ಟೇ ಹಕ್ಕಿದೆ.

ಪರಿಹಾರ ತೀರ ಸರಳ. ಪೈಪಿನ ತುದಿ ಎಂದೂ ನೀರಿನಲ್ಲಿ ಮುಳುಗಬಾರದು, ಒಂದು ಗೇಣು ಮೇಲೇ ಇರಬೇಕು. ನಡುವೆ ಗಾಳಿಯಿದ್ದರೆ ನೀರು ಹಿಂದಕ್ಕೆ ಏರಲಾರದು. "ಅಂತರ ಇಟ್ಟರಾಯ್ತು" ಎಂದ ಪ್ಲಂಬರ್.

ಆ ಮಾತಿಗೆ ಅಜ್ಜಂಪುರದ ತಂಗಿ ಮುಖ ಸಣ್ಣ ಮಾಡಿದಳು. "ಅಂತರ ಇಟ್ಟು ಮೇಲಿಂದ ನೀರು ಹೊಯ್ಯೋದು ಅಂದ್ರೆ ನಂಗೆ ಬೇರೇನೇ ನೆನಪಾಗುತ್ತಕ್ಕಾ" ಎಂದಳು. ಯಾವುದೆಂದು ನಾವು ಕೇಳಲಿಲ್ಲ. ಅಂಗಳದ ಆಚೆ ನಿಂತವರ ಬೊಗಸೆಗೆ, ಕೈ ತಾಗದಂತೆ ಎತ್ತರದಿಂದ ನೀರು ಹೊಯ್ಯುತ್ತಿದ್ದುದನ್ನು ನಮ್ಮ ತಲೆಮಾರಿನವರೂ ಕಂಡಿದ್ದೇವೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಅಂಬೇಡ್ಕರರು ಜನರೊಂದಿಗೆ ನೀರು ಮುಟ್ಟಿ ಕುಡಿದದ್ದು ಇಂಥ ಅಂತರವನ್ನು ಮುರಿಯುವುದಕ್ಕೇ. ಹಾಗಿದ್ದ ಮೇಲೆ ಒಂದೇ ಗೇಣು ಒಂದು ಕಡೆ ಅವಮಾನವಾಗಿ, ಇನ್ನೊಂದು ಕಡೆ ಮರ್ಯಾದೆಯಾಗುವುದು ಹೇಗೆ?

ನನಗೆ ತಿಳಿದಷ್ಟು ಹೀಗಿದೆ. ಆ ಅಂತರದಲ್ಲಿ, ಇನ್ನೊಬ್ಬರಿಂದ ನನ್ನ ನೀರು ಕೆಡುತ್ತದೆಂಬ ಹೆದರಿಕೆ. ಅದಕ್ಕೆ ಕಾರಣ ಇರಲಿಲ್ಲ, ಹುಟ್ಟೊಂದೇ ನೆಪ. ಈ ಅಂತರದಲ್ಲಿ, ನನ್ನಿಂದ ಇನ್ನೊಬ್ಬರ ನೀರು ಕೆಡಬಾರದೆಂಬ ಎಚ್ಚರ. ಅದಕ್ಕೆ ಕಾರಣ ತೊಟ್ಟಿಯಲ್ಲೇ ಇದೆ. ಮೊದಲನೆಯದರ ಭಾರ ಬೊಗಸೆ ಒಡ್ಡಿದವರ ಮೇಲೆ, ಎರಡನೆಯದರ ಭಾರ ಪೈಪು ಹಿಡಿದವರ ಮೇಲೆ. ಮಡಿ, ಶುದ್ಧಿ ಎಂಬ ಮಾತುಗಳನ್ನು ಹೆಂಗಸರಾದ ನಾವು ಮನೆಯಲ್ಲಿ ದಿನವೂ ಬಳಸುತ್ತೇವೆ. ಆಗೆಲ್ಲ ಇದರ ಭಾರ ಯಾರ ಮೇಲೆ ಬೀಳುತ್ತಿದೆ ಎಂದು ಕೇಳಿದರೆ, ಎಷ್ಟೋ ಆಚಾರಗಳು ಉಳಿಯುತ್ತವೆ, ಎಷ್ಟೋ ಬಿದ್ದುಹೋಗುತ್ತವೆ.

ಅಕ್ಕ ಈಗ ಹಿತ್ತಿಲಲ್ಲಿ ಒಂದು ಡ್ರಮ್ಮು ಇಟ್ಟಿದ್ದಾಳೆ. ನಲ್ಲಿ ನೀರು ಮೇಲಿನಿಂದ ಅದಕ್ಕೆ ಬೀಳುತ್ತದೆ. ಒಂದು ದಿನ ತೆರೆದಿಟ್ಟರೆ, ಬ್ಲೀಚಿಂಗ್ ಪುಡಿಯಿಂದ ಬಂದ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಹಾಗೇ ಬಿಟ್ಟರೆ ಅದು ಮೀನಿನ ಕಿವಿರನ್ನು ಸುಡುವಂಥದು. ಆಮೇಲೆ ಕೂಲರಿನ ಪುಟ್ಟ ಮೋಟಾರು ನೀರನ್ನು ತೊಟ್ಟಿಗೆ ಏರಿಸುತ್ತದೆ. ಸೊಂಟಕ್ಕೂ ಸುಖ, ಮೀನಿಗೂ ಕ್ಷೇಮ. ಬೀದಿಯವರಿಗೆ ಇದೊಂದೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನೆರೆಯವರಿಗೆ ನಾವು ಮಾಡುವ ಉಪಕಾರಗಳಲ್ಲಿ ಹೆಚ್ಚಿನವು ಇಂಥವೇ. ನಾವು ತಡೆದ ಕೇಡು ಅವರ ಕಣ್ಣಿಗೆ ಬೀಳುವುದೇ ಇಲ್ಲ.