ಹಡಗಿನ ಪಾವತಿಯಲ್ಲಿ ದೇವರ ಹೆಸರು

ಸೊಲ್ಲಾಪುರಕ್ಕೆ ಸಮುದ್ರವಿಲ್ಲದಿದ್ದರೂ ಸಮುದ್ರದ ಮಾತು ಹೊಸದಲ್ಲ. ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿದವರಲ್ಲಿ ಮುಖ್ಯರಾದ ವಾಲಚಂದ ಹಿರಾಚಂದ 1882ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಇಲ್ಲಿಯ ಮಗ್ಗದಿಂದಿಳಿದ ಟೆರಿ ಟವೆಲು ಇವತ್ತಿಗೂ ಲಾರಿಯಲ್ಲಿ ನ್ಹಾವಾ ಶೇವಾ ಬಂದರಿಗೆ ಹೋಗಿ ಹಡಗೇರುತ್ತದೆ. ಅದರ ಬೆನ್ನಿಗೆ ಬಿಲ್ ಆಫ್ ಲೇಡಿಂಗ್ ಎಂಬ ಕಾಗದವೂ ಹೋಗುತ್ತದೆ. ಸರಕು ಕೈಸೇರಿತೆಂದು ಹಡಗಿನವನು ಬರೆದುಕೊಡುವ ಪಾವತಿ ಅದು. ಈ ವ್ಯವಹಾರದ ಪರಿಭಾಷೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಬೆಳೆದಿದೆ: ಈ ಗಳಿಗೆಯಲ್ಲಿ ಸರಕು ಹಾಳಾದರೆ ನಷ್ಟ ಯಾರ ತಲೆಗೆ? ಎಫ್‌ಒಬಿ ಎಂದರೆ ಹಡಗಿಗೇರುವ ತನಕ ಮಾರಿದವನದು, ಏರಿದ ಮೇಲೆ ಕೊಂಡವನದು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಇಂಥ ಪದಗಳಿಗೆ ಇನ್‌ಕೋಟರ್ಮ್ಸ್ ಎಂಬ ಹೆಸರಲ್ಲಿ ಅರ್ಥ ಕಟ್ಟಿಕೊಟ್ಟಿತು. 2010ರ ಪರಿಷ್ಕರಣೆಯವರೆಗೆ ಎಫ್‌ಒಬಿಯ ಗಡಿ ಹಡಗಿನ ಅಂಚಿನ ಕಂಬಿಯೇ ಆಗಿತ್ತು. ಕ್ರೇನಿನಿಂದ ತೂಗುವ ಗಂಟು ಕಂಬಿಯ ಈಚೆ ಬಿದ್ದರೆ ಒಬ್ಬನ ನಷ್ಟ, ಆಚೆ ಬಿದ್ದರೆ ಇನ್ನೊಬ್ಬನದು. ಹೊಣೆಗಾರನಿಲ್ಲದ ಒಂದು ಅಂಗುಲ ಜಾಗವನ್ನೂ ಬಿಡದ ಈ ಭಾಷೆಯಲ್ಲಿ ‘ಆಕ್ಟ್ ಆಫ್ ಗಾಡ್’, ಅಂದರೆ ದೇವರ ಕೃತ್ಯ, ಎಂಬ ಮಾತೂ ಇದೆ. 1924ರ ಹೇಗ್ ನಿಯಮಗಳೂ ಅವನ್ನು ಅನುಸರಿಸಿದ, 2025ರಲ್ಲಿ ಹೊಸ ಕಾಯಿದೆಗೆ ಜಾಗ ಬಿಟ್ಟ, ಭಾರತದ 1925ರ ಕಾಯಿದೆಯೂ ಹಡಗಿನವನನ್ನು ಹೊಣೆಯಿಂದ ಬಿಡಿಸುವ ಕಾರಣಗಳನ್ನು ಪಟ್ಟಿ ಮಾಡಿದವು. ಆ ಪಟ್ಟಿಯಲ್ಲಿ ದೇವರು ಕೂತಿರುವುದು ಸಮುದ್ರದ ಅಪಾಯಕ್ಕೂ ಯುದ್ಧಕ್ಕೂ ನಡುವೆ.

ಬೆಳೆ ಒಣಗಿದರೆ, ಗೋಡೆ ಕುಸಿದರೆ, ರೋಗಿ ಉಳಿಯದೆ ಹೋದರೆ ನಾವೂ ‘ದೇವರ ಇಚ್ಛೆ’ ಎನ್ನುತ್ತೇವೆ. ಕೇಳಲು ಎರಡೂ ಒಂದೇ ಮಾತಿನಂತಿವೆ. ಆದರೆ ಈ ಒಂದು ವಿಷಯದಲ್ಲಿ ವರ್ತಕರ ಕಾನೂನು ನಮ್ಮ ದಿನಬಳಕೆಯ ಭಕ್ತಿಗಿಂತ ಹೆಚ್ಚು ದೈವಭಯ ಉಳ್ಳದ್ದೆಂದು ನನ್ನ ವಾದ. ನಾವು ದೇವರ ಹೆಸರೆತ್ತಿದಲ್ಲಿಗೆ ವಿಚಾರಣೆ ಮುಗಿಯುತ್ತದೆ, ಆ ಕಾನೂನಿನಲ್ಲಿ ಅಲ್ಲಿಂದಲೇ ಶುರುವಾಗುತ್ತದೆ. ಸೊಲ್ಲಾಪುರದ ಟವೆಲು ಹ್ಯಾಂಬರ್ಗಿನಲ್ಲಿ ಬೂಷ್ಟು ಹಿಡಿದು ಇಳಿಯಿತೆನ್ನಿ. ಸೆಕೆಯ ನಾಡಲ್ಲಿ ಮುಚ್ಚಿದ ಕಂಟೇನರು ಚಳಿಯ ಸಮುದ್ರಕ್ಕೆ ಹೋದಾಗ ಒಳಗಿನ ತೇವ ತಗಡಿಗೆ ಹನಿಗಟ್ಟಿ ಗಂಟುಗಳ ಮೇಲೆ ತೊಟ್ಟಿಕ್ಕುತ್ತದೆ. ಕಂಟೇನರು ಬೆವರಿತು ಎನ್ನುತ್ತಾರೆ. ಇದು ಸಮುದ್ರದೇವತೆಯ ಮುನಿಸೇ? ಟವೆಲನ್ನು ಪೂರ್ತಿ ಒಣಗಿಸದೆ ಕಟ್ಟಿದ್ದರೆ ಅದು ಸರಕಿನ ಒಡಲಲ್ಲೇ ಇದ್ದ ದೋಷ, ಹೊಣೆ ಹಡಗಿನವನದಲ್ಲ. ಅವನೇ ಕೊಟ್ಟ ಕಂಟೇನರಿನ ಮಾಡು ತೂತಾಗಿದ್ದರೆ, ಜೋಡಿಸಿದ ರೀತಿ ತಪ್ಪಾಗಿದ್ದರೆ, ಅವನದು. ಯಾನ ಹೊರಡುವ ಮೊದಲೇ ಹಡಗನ್ನು ಸಮುದ್ರಕ್ಕೆ ತಕ್ಕಂತೆ ಸಜ್ಜುಗೊಳಿಸಲು ತಕ್ಕ ಎಚ್ಚರ ವಹಿಸಿದ್ದೇನೆಂದು ಅವನು ತೋರಿಸಿಕೊಳ್ಳಬೇಕು. ಹೀಗೆ ಮನುಷ್ಯರ ಬಾಗಿಲುಗಳನ್ನೆಲ್ಲ ತಟ್ಟಿದ ಮೇಲೇ ದೇವರ ಬಾಗಿಲು. ಇಂಗ್ಲೆಂಡಿನಲ್ಲಿ 1876ರಲ್ಲಿ ತೀರ್ಮಾನವಾದ ನ್ಯೂಜೆಂಟ್ ಮೊಕದ್ದಮೆಯಲ್ಲಿ ಲಂಡನ್ನಿನಿಂದ ಅಬರ್ಡೀನಿಗೆ ಹೊರಟ ಹೆಣ್ಣುಕುದುರೆಯೊಂದು ಬಿರುಗಾಳಿಗೆ ಬೆದರಿ, ಒದ್ದಾಡಿ, ಗಾಯಗೊಂಡು ಸತ್ತಿತ್ತು. ಹಡಗಿನವನು ಪಾರಾದನು, ಬಿರುಗಾಳಿ ಬಂತೆಂಬಷ್ಟಕ್ಕೇ ಅಲ್ಲ. ತಕ್ಕ ಎಚ್ಚರವನ್ನೆಲ್ಲ ವಹಿಸಿದ ಮೇಲೂ ಗಾಳಿ ಮತ್ತು ಕುದುರೆಯ ಬೆದರು ಕೂಡಿ ಆ ಸಾವು ಬಂತೆಂದು ನ್ಯಾಯಾಲಯಕ್ಕೆ ಮನವರಿಕೆಯಾದುದಕ್ಕೆ.

ಇಲ್ಲಿ ಆಸ್ತಿಕರು ಆಕ್ಷೇಪಿಸಬಹುದು: ಇದು ದೇವರನ್ನು ಲೆಕ್ಕದಲ್ಲಿ ಉಳಿದ ಚಿಲ್ಲರೆಯನ್ನಾಗಿ ಮಾಡಿದಂತಲ್ಲವೇ? ಚಂಡಮಾರುತದ ಮುನ್ಸೂಚನೆ ನಾಲ್ಕು ದಿನ ಮೊದಲೇ ಸಿಕ್ಕರೆ ಅದೂ ದೇವರ ಕೃತ್ಯವಾಗಿ ಉಳಿಯುವುದು ಕಷ್ಟ. ವಿಜ್ಞಾನ ಬೆಳೆದಷ್ಟೂ ದೇವರು ಕುಗ್ಗಬೇಕೇ? ಕುಗ್ಗುವುದು ದೇವರಲ್ಲ, ನಮ್ಮ ನೆಪ. ಎಲ್ಲವನ್ನೂ ದೇವರು ಮಾಡಿಸುತ್ತಾನೆಂಬ ನಂಬಿಕೆಗೆ ಈ ಕಾನೂನು ಕೈಹಾಕುವುದಿಲ್ಲ. ನಷ್ಟ ಕಟ್ಟಿಕೊಡಬೇಕಾದವನು ಆ ನಂಬಿಕೆಯ ಹಿಂದೆ ಅಡಗಬಾರದೆಂದಷ್ಟೇ ಹೇಳುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಮೊನಚು. ಈ ನಿಯಮಗಳಲ್ಲಿ ಹಡಗಿನ ಮಾಲೀಕರ ಸ್ವಾರ್ಥವೂ ಸೇರಿದೆ. ವಿನಾಯಿತಿಗಳ ಪಟ್ಟಿಯ ಮೊದಲನೆಯದೇ ಹಡಗು ನಡೆಸುವಾಗ ಕಪ್ತಾನ ಮಾಡಿದ ತಪ್ಪು. ಇಂಥದರಿಂದ ಧರ್ಮ ಕಲಿಯುವುದೇ? ಆ ವಿನಾಯಿತಿ ಅನ್ಯಾಯವೇ. 1978ರ ಹ್ಯಾಂಬರ್ಗ್ ನಿಯಮಗಳು ಅದನ್ನು ತೆಗೆದುಹಾಕಿದವು. ಆದರೆ ತೆಗೆಯಲು ಸಾಧ್ಯವಾದದ್ದು ಅದನ್ನು ಮನುಷ್ಯನ ತಪ್ಪೆಂದೇ ಬರೆದಿದ್ದರಿಂದ. ಕಪ್ತಾನನ ಅಜಾಗರೂಕತೆಯನ್ನು ದೇವರ ಖಾತೆಗೆ ಹಾಕಿದ್ದರೆ ತಿದ್ದುವುದಕ್ಕೆ ಏನೂ ಸಿಗುತ್ತಿರಲಿಲ್ಲ.

ನಿಜಕ್ಕೂ ಯಾರ ತಪ್ಪೂ ಇಲ್ಲದಾಗ ಏನು ಮಾಡುವುದು? ಅದಕ್ಕೂ ಹಡಗಿನವರಲ್ಲಿ ಹಳೆಯದೊಂದು ಪದವಿದೆ, ಜನರಲ್ ಆವರೇಜ್. ಮುಳುಗುವ ಹಡಗನ್ನು ಉಳಿಸಲು ಕೆಲವರ ಸರಕನ್ನು ನೀರಿಗೆಸೆದರೆ, ಉಳಿದವರೆಲ್ಲ ತಮ್ಮ ಸರಕಿನ ಬೆಲೆಗೆ ತಕ್ಕಂತೆ ಆ ನಷ್ಟ ಹಂಚಿಕೊಳ್ಳಬೇಕು. ರೋಡ್ಸ್ ದ್ವೀಪದ ಈ ಕಟ್ಟಳೆ ಆರನೆಯ ಶತಮಾನದ ಜಸ್ಟೀನಿಯನ್ನನ ಸಂಹಿತೆಯಲ್ಲೇ ದಾಖಲಾಗಿದೆ. ಮಳೆನೆರಳಿನ ಸೊಲ್ಲಾಪುರ, ಅಕ್ಕಲಕೋಟೆಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 1972ರ ಬರದ ಬೆನ್ನಿಗೆ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆ ಬೆಳೆಯಿತು. ಅದರ ಖರ್ಚಿಗೆಂದು 1975ರಲ್ಲಿ ವೃತ್ತಿ ತೆರಿಗೆ ಬಂತು. ಮುಂಬಯಿಯ ಸಂಬಳದಾರನ ಪಗಾರದಿಂದ ಮುರಿದ ರೂಪಾಯಿ ಬರಗಾಲದ ಕೂಲಿಯವನ ಕೈಗೆ ಬಂತು. ಇಲ್ಲಿ ಯಾರೂ ಸರಕನ್ನು ಬೇಕೆಂದೇ ನೀರಿಗೆಸೆದಿರಲಿಲ್ಲ, ಹೋಲಿಕೆ ಅಷ್ಟು ಮಟ್ಟಿಗೆ ಸಡಿಲ. ಆದರೂ ಒಂದೇ ಹಡಗಿನಲ್ಲಿದ್ದೇವೆಂಬ ತಿಳಿವು ಎರಡರಲ್ಲೂ ಇದೆ. ‘ಹಣೆಬರಹ’ ಎಂದು ಕೈತೊಳೆದುಕೊಂಡಿದ್ದರೆ ಆ ರೂಪಾಯಿ ಹುಟ್ಟುತ್ತಿರಲಿಲ್ಲ.

ಈ ಊರಿನ ದೈವವೇ ಇದಕ್ಕೆ ಸಾಕ್ಷಿ. ಹನ್ನೆರಡನೆಯ ಶತಮಾನದಲ್ಲಿ, ಸೊಲ್ಲಾಪುರ ಸೊನ್ನಲಿಗೆ ಎನಿಸಿದ್ದಾಗ, ಕಪಿಲಸಿದ್ಧ ಮಲ್ಲಿಕಾರ್ಜುನನ ಭಕ್ತ ಸಿದ್ಧರಾಮ ಇಲ್ಲಿ ಕೆರೆ ತೋಡಿಸಿದ. ಮಳೆ ಬಾರದಿರುವುದು ದೇವರ ಕೃತ್ಯವಿರಬಹುದು, ಬಂದ ಮಳೆ ನಿಲ್ಲದಿರುವುದು ನಮ್ಮದು ಎಂದು ಗುದ್ದಲಿಯಿಂದ ಹೇಳಿದಂತಿತ್ತು ಆ ಕೆಲಸ. ಅಲ್ಲಮಪ್ರಭು ಬಂದು ಅವನನ್ನೇ ‘ಒಡ್ಡ’ನೆಂದು, ಬರೀ ಮಣ್ಣು ಅಗೆಯುವವನೆಂದು, ಹಂಗಿಸಿದ್ದನ್ನು ಶೂನ್ಯಸಂಪಾದನೆ ಹೇಳುತ್ತದೆ. ಹಾಗಾದರೆ ಕೆರೆ ಕಟ್ಟುವುದು ವ್ಯರ್ಥವೆಂದು ಅಲ್ಲಮನ ಮತವೇ? ಅವನ ಮಾತು ತಾಗಿದ್ದು ಕೆರೆಗಲ್ಲ, ‘ನಾನು ಕಟ್ಟಿಸಿದೆ’ ಎಂಬುದಕ್ಕೆ ಎಂದೇ ನಾನು ಓದುತ್ತೇನೆ. ಅಲ್ಲಮ ಬಂದುಹೋದ ಮೇಲೂ ಕೆರೆಯೇನೂ ಬತ್ತಿಹೋಗಲಿಲ್ಲ. ಕೆಲಸದ ಹೊಣೆ ನನ್ನದು, ಹಿರಿಮೆ ಕಪಿಲಸಿದ್ಧ ಮಲ್ಲಿಕಾರ್ಜುನನದು ಎಂಬ ಶರಣರ ಲೆಕ್ಕವನ್ನು ನಾವು ತಲೆಕೆಳಗು ಮಾಡಿಕೊಂಡಿದ್ದೇವೆ. ನೆಟ್ಟಗಾದರೆ ನನ್ನ ಜಾಣ್ಮೆ, ಕೆಟ್ಟರೆ ದೇವರ ಇಚ್ಛೆ: ಲಾಭ ನಮ್ಮ ಹೆಸರಿಗೆ, ನಷ್ಟ ಅವನ ಹೆಸರಿಗೆ. ಬೂಷ್ಟು ಹಿಡಿದ ಟವೆಲಿನ ಮುಂದೆ ಕೂತ ವರ್ತಕನೂ ಮೊದಲು ತನ್ನ ಗೋದಾಮಿನಲ್ಲಿ ತೇವವಿತ್ತೇ ಎಂದು ನೋಡಿಕೊಳ್ಳುತ್ತಾನೆ. ಅಷ್ಟನ್ನೂ ನೋಡಿಕೊಳ್ಳದೆ ಕೈಮುಗಿಯುವ ಭಕ್ತ ದೇವರಿಗೆ ಒಪ್ಪಿಸುತ್ತಿರುವುದು ತನ್ನನ್ನಲ್ಲ, ತನ್ನ ಸಾಲವನ್ನು.