ಅನ್ಯರ ಮಾತನ್ನು ಪೂರೈಸುವುದು ಧರ್ಮವೆ?

ದೃಷ್ಟಿಯಿಲ್ಲದವನ ಕೈಹಿಡಿದು ದಾರಿ ದಾಟಿಸುವುದು ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಮಾತು ತಡೆದವನ ಮಾತನ್ನು ತಾನೇ ಆಡಿ ಮುಗಿಸುವುದೂ ಹಾಗೆಯೇ ಉಪಕಾರವೆ? ಮೊದಲನೆಯದರಲ್ಲಿ ಹೋಗಬೇಕಾದ ಸ್ಥಳವನ್ನು ಅವನೇ ಹೇಳಿರುತ್ತಾನೆ. ಎರಡನೆಯದರಲ್ಲಿ ಸ್ಥಳವನ್ನೇ ಸಹಾಯಕನು ಗೊತ್ತುಮಾಡಿಬಿಡುವ ಅಪಾಯವುಂಟು. ಪ್ರೀತಿಯಿರುವ ಮನೆಗಳಲ್ಲಿಯೇ ಈ ಅಪಾಯ ಹೆಚ್ಚೆಂಬುದು ವಿಚಾರಮಾಡತಕ್ಕ ಸಂಗತಿ.

ಮಾತು ಕೆಡುವುದು ಒಂದೇ ಬಗೆಯಲ್ಲಿ ಅಲ್ಲ. ಪಾರ್ಶ್ವವಾಯು, ಕಂಪವಾತ ಮೊದಲಾದವುಗಳಿಂದ ತುಟಿ, ನಾಲಗೆ, ಗಂಟಲುಗಳ ಸ್ನಾಯುಗಳು ಸೋತು ಉಚ್ಚಾರವು ಅಸ್ಪಷ್ಟವಾಗಬಹುದು; ಇದನ್ನು ವೈದ್ಯರು ಡಿಸಾರ್ಥ್ರಿಯ ಎನ್ನುತ್ತಾರೆ. ಸ್ನಾಯುಗಳಿಗೆ ಬಲವಿದ್ದರೂ ಅವುಗಳ ಚಲನೆಯನ್ನು ಕ್ರಮಪಡಿಸುವ ಶಕ್ತಿ ತಪ್ಪಿದರೆ ಅದು ಅಪ್ರಾಕ್ಸಿಯ. ಮಿದುಳಿನ ಗಾಯದಿಂದ ಶಬ್ದವೇ ಒದಗದೆ ಹೋದರೆ ಅದು ಅಫೇಸಿಯ. 1861ರಲ್ಲಿ ಪಾಲ್ ಬ್ರೋಕ ಎಂಬ ಫ್ರೆಂಚ್ ವೈದ್ಯನು, ಹೆಚ್ಚುಕಡಮೆ 'ಟಾನ್' ಎಂಬುದೊಂದನ್ನೇ ನುಡಿಯುತ್ತಿದ್ದ ರೋಗಿಯ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಮುಂಭಾಗದಲ್ಲಿ ಗಾಯವಿದ್ದುದನ್ನು ಕಂಡನು. ಆ ರೋಗಿಯು ಪರರ ಮಾತನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದನು. ಗ್ರಹಣಶಕ್ತಿಯೂ ಕುಂದುವ ಪ್ರಕಾರಗಳುಂಟು. ಆದರೆ ಅದನ್ನು ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಊಹೆಯಿಂದಲ್ಲ.

ಪ್ರಾಚೀನರು ವಾಕ್ಕನ್ನು ಪರಾ, ಪಶ್ಯಂತೀ, ಮಧ್ಯಮಾ, ವೈಖರೀ ಎಂದು ನಾಲ್ಕಾಗಿ ಎಣಿಸಿದರು. ಕಿವಿಗೆ ಕೇಳುವುದು ವೈಖರಿಯೊಂದೇ. ಅದು ಮುರಿದ ಮಾತ್ರಕ್ಕೆ ಒಳಗಣ ಮೂರೂ ಬರಿದಾದುವೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಒಂದು ತುಂಬಿದ ಸಂಸಾರವನ್ನು ಭಾವಿಸಿಕೊಳ್ಳಬಹುದು. ಪಾರ್ಶ್ವವಾಯು ತಗುಲಿದ ತಂದೆಯವರು 'ಕಾ... ಕಾ...' ಎನ್ನುವಷ್ಟರಲ್ಲಿ ಮಗಳು ಕಾಫಿ ತಂದಿಡುತ್ತಾಳೆ. ಅವರು ಕೇಳಬೇಕೆಂದಿದ್ದುದು ಕಾಗದವನ್ನು. ಕೆಂಗೇರಿಯ ನಿವೇಶನದ ಮಾರಾಟ ಅವರಿಗೆ ಸಮ್ಮತವಿರಲಿಲ್ಲ. ನಾಲ್ಕು ದಿನ ಯತ್ನಿಸಿ, ನಾಲ್ಕು ದಿನವೂ ಕಾಫಿ ಕುಡಿದು, ಅವರು ಸುಮ್ಮನಾಗುತ್ತಾರೆ. ಆ ಮೌನವನ್ನು ಮನೆಯವರು ಒಪ್ಪಿಗೆಯೆಂದು ಎಣಿಸುತ್ತಾರೆ. ಇಲ್ಲಿ ದ್ವೇಷವಿಲ್ಲ, ಮೋಸವಿಲ್ಲ; ಆದರೂ ಒಬ್ಬರ ಇಚ್ಛೆಯು ಅಪಹೃತವಾಯಿತು.

ಹಾಗಾದರೆ ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗಲೂ ಕಾದು ಕುಳಿತಿರಬೇಕೆ, ಎಂದು ಶುಶ್ರೂಷೆ ಮಾಡುವವರು ಕೇಳಿಯಾರು. ಅವರ ಆಯಾಸವೂ ನಿಜವೇ. ನೋವು, ಉಸಿರುಕಟ್ಟುವಿಕೆ ಮೊದಲಾದ ಸಂಕಟಗಳಲ್ಲಿ ಊಹಿಸಿ ನಡೆಯುವುದೇ ಧರ್ಮ. ಉಳಿದ ವೇಳೆಗಳಲ್ಲಿ, ಊಹಿಸಿದ ಮೇಲೆ 'ಇದೇ ಅಲ್ಲವೇನಪ್ಪಾ?' ಎಂದು ಕೇಳಿ, ಅವರು ತಲೆಯಾಡಿಸುವವರೆಗೆ ನಿಲ್ಲುವುದಕ್ಕೆ ಬಹಳ ಹೊತ್ತು ಬೇಕಾಗದು. ಹೌದು ಅಥವಾ ಅಲ್ಲವೆಂದು ಉತ್ತರಿಸಬಹುದಾದ ಪ್ರಶ್ನೆ, ಚಿತ್ರಗಳ ಹಲಗೆ, ಟೀವಿಯ ಸದ್ದಿಲ್ಲದ ಕೋಣೆ, ಎದುರಿಗೆ ಕುಳಿತ ಮುಖ—ಇವು ಹೆಚ್ಚು ಹಣ ಬೇಡದ ಸಾಧನಗಳು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮೊದಲಾದೆಡೆಗಳಲ್ಲಿ ವಾಕ್‌ಚಿಕಿತ್ಸಕರಿದ್ದಾರೆ. ನುಂಗುವಾಗ ಕೆಮ್ಮು ಬರುವವರಿಗಂತೂ ಅವರ ಸಲಹೆ ಅತ್ಯಾವಶ್ಯಕ. ಏಕೆಂದರೆ ಮಾತಿಗೆ ಬೇಕಾದ ಸ್ನಾಯುಗಳಲ್ಲಿ ಅನೇಕವು ನುಂಗುವುದಕ್ಕೂ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವನ್ನೂ ಸೇರಿಸಿದೆ. ಆದರೆ ಊಟದ ಮನೆಯಲ್ಲಿ ಯಾರ ಮಾತಿಗೆ ಎಷ್ಟು ಹೊತ್ತು ಕಾಯಬೇಕೆಂದು ಯಾವ ಕಾಯಿದೆಯೂ ವಿಧಿಸಲಾರದು.

ಬಸವಣ್ಣನವರ ಹೆಸರನ್ನು ಹೊತ್ತ ಬಸವೇಶ್ವರನಗರವೂ ಈ ಭಾಗದಲ್ಲಿಯೇ ಇದೆ. ಆ ಶರಣರ ನುಡಿಗಳಿಗೆ ವಚನಗಳೆಂದು ಹೆಸರು. ಕನ್ನಡದಲ್ಲಿ ವಚನವೆಂದರೆ ಆಡಿದ ಮಾತೂ ಹೌದು, ಕೊಟ್ಟ ಮಾತೂ ಹೌದು. ಕೊಟ್ಟ ಮಾತಿಗೆ ಕೊಟ್ಟವನೇ ಹೊಣೆ. ಆದುದರಿಂದ ಮಾತು ತಡೆದವರ ಬಳಿಯಿರುವವರು ಮೊದಲು ಅವರಿಗೆ ಕಿವಿಯಾಗತಕ್ಕದ್ದು. ಅನಿವಾರ್ಯವಾಗಿ ನಾಲಗೆಯಾಗಬೇಕಾದಾಗ ಅವರ ಒಪ್ಪಿಗೆಯನ್ನು ಕೇಳಿ ಆಗತಕ್ಕದ್ದು.