ಶೋಧನೆ ಪಾಪವೇ? ತಪಸ್ಸುಕಾಲದ ಏಕಾಂತ ಕಲಿಸುವ ಪಾಠ



ತಪಸ್ಸುಕಾಲದ ಎರಡನೆಯ ಭಾನುವಾರ. ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ, ಅರವತ್ತು ದಾಟಿದ ತಾಯಿಯೊಬ್ಬರು ದೇವಾಲಯದ ಅಂಗಳದಲ್ಲಿ ನನಗಾಗಿ ಕಾದು ನಿಂತಿದ್ದರು. ಅಂದು ಅವರು ಪರಮಪ್ರಸಾದ ಸ್ವೀಕರಿಸಲು ಬಂದಿರಲಿಲ್ಲ. ಗಂಡ ತೀರಿಕೊಂಡು ಎಂಟು ವರ್ಷ, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ಊರಿನ ಮನೆಯಲ್ಲಿ ಅವರೊಬ್ಬರೇ. ಅವರು ಹೇಳಿದ್ದು ಪಾಪನಿವೇದನೆಯ ಮಾತಲ್ಲ, ಅಂಗಳದಲ್ಲಿ ಆಡಿದ ಮಾತು. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

"ಸ್ವಾಮಿ, ಬೂದಿ ಬುಧವಾರ ನೀವು ಹೇಳಿದ್ರಿ, ಸಂಜೆ ಒಂದು ಗಂಟೆ ಟಿ.ವಿ. ಆರಿಸಿ, ಬಾಗಿಲು ಹಾಕ್ಕೊಂಡು ದೇವರ ಮುಂದೆ ಸುಮ್ಮನೆ ಕೂತ್ಕೊಳ್ಳಿ ಅಂತ. ಕೂತೆ. ಮೊದಲ ದಿನಾನೇ ನನ್ನ ಮೈದುನ ಕಣ್ಣ ಮುಂದೆ ಬಂದ. ಯಜಮಾನರು ಆಸ್ಪತ್ರೇಲಿದ್ದಾಗ ದುಡ್ಡಿಲ್ಲ ಅಂದವನು ಅದೇ ತಿಂಗಳು ಟ್ರಾಕ್ಟರ್ ತಂದ. ಕ್ಷಮಿಸಿಬಿಟ್ಟಿದ್ದೀನಿ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಅವನ ಮನೆ ಹಾಳಾಗಲಿ ಅನ್ನೋ ಮಾತು ಒಳಗಿಂದ ಬರ್ತದೆ. ಟಿ.ವಿ. ಹಾಕ್ಕೊಂಡಿದ್ದಾಗಲೇ ನಾನು ಒಳ್ಳೆಯವಳಾಗಿದ್ದೆ. ಇಂಥ ಮನಸ್ಸು ಇಟ್ಕೊಂಡು ಪ್ರಸಾದ ಹೇಗೆ ತಗೊಳ್ಳಲಿ?"

ಉಪಕೇಂದ್ರವೊಂದರಲ್ಲಿ ಇನ್ನೊಂದು ಪೂಜೆಗೆ ನನಗೆ ಹೊತ್ತಾಗಿತ್ತು. "ಅಂಥ ಯೋಚನೆ ಬಂದಾಗ ಜಪಸರ ಹೇಳಿಕೊಳ್ಳಿ ಅಮ್ಮಾ" ಎಂದಷ್ಟೇ ಹೇಳಿ ಬೈಕು ಹತ್ತಿದೆ. ಅರ್ಧ ದಾರಿಯಲ್ಲಿ ನನಗೇ ನಾಚಿಕೆಯಾಯಿತು. ಆ ತಾಯಿ ಕೇಳಿದ್ದು ಔಷಧಿಯನ್ನಲ್ಲ, ಒಂದು ಪ್ರಶ್ನೆಯನ್ನು. ನಾವು ಕರೆಯದೆ ಬಂದ ಕೆಟ್ಟ ಯೋಚನೆ ನಮ್ಮ ಪಾಪವೇ? ದೇವರಿಗಾಗಿ ಏಕಾಂತಕ್ಕೆ ಹೋದಾಗ ಇಂಥವೇ ಎದ್ದು ಬರುವುದಾದರೆ, ಆ ಏಕಾಂತದಿಂದ ಒಳಿತೇ, ಕೆಡುಕೇ?

ಆ ದಾರಿಯಲ್ಲಿ ಒಂದು ಕೆರೆ ಸಿಗುತ್ತದೆ. ಬೇಸಿಗೆ ಏರಿದಂತೆ ಅದರ ನೀರು ಇಳಿಯುತ್ತದೆ. ಮಳೆಗಾಲದಲ್ಲಿ ಆಕಾಶವನ್ನೇ ತೋರಿಸುತ್ತಿದ್ದ ಕೆರೆ ಈಗ ಒಡೆದ ಮಡಕೆ, ಹರಿದ ಚಪ್ಪಲಿ, ಪ್ಲಾಸ್ಟಿಕ್ ಚೀಲ, ಕಪ್ಪು ಕೆಸರನ್ನು ತೋರಿಸುತ್ತದೆ. ಬಿಸಿಲು ಅವನ್ನು ಅಲ್ಲಿ ತಂದು ಹಾಕಲಿಲ್ಲ. ಇದ್ದುದನ್ನು ತೋರಿಸಿತು, ಅಷ್ಟೇ. ಆ ತಾಯಿಗೆ ನಾನು ಹೇಳಬೇಕಾಗಿದ್ದ ಮೊದಲ ಮಾತು ಇದೇ ಆಗಿತ್ತು. ಏಕಾಂತವು ಅವರ ಮನಸ್ಸಿನಲ್ಲಿ ದ್ವೇಷವನ್ನು ಬಿತ್ತಲಿಲ್ಲ. ಎಂಟು ವರ್ಷ ಸದ್ದಿನ ಕೆಳಗೆ ಅಡಗಿದ್ದ ಗಾಯವನ್ನು ಅದು ಬೆಳಕಿಗೆ ತಂದಿತು.

ಈಗ ಶುಭಸಂದೇಶವನ್ನು ನೋಡೋಣ. ತಪಸ್ಸುಕಾಲದ ಮೊದಲ ಭಾನುವಾರ ಧರ್ಮಸಭೆಯು ಪ್ರತಿ ವರ್ಷವೂ ಯೇಸುಸ್ವಾಮಿ ಬೆಂಗಾಡಿನಲ್ಲಿ ಶೋಧನೆಗೆ ಒಳಗಾದ ಪ್ರಸಂಗವನ್ನೇ ಓದಿಸುತ್ತದೆ. ಒಂದು ವರ್ಷ ಸಂತ ಮತ್ತಾಯರಿಂದ, ಮರುವರ್ಷ ಸಂತ ಮಾರ್ಕರಿಂದ, ಮೂರನೆಯ ವರ್ಷ ಸಂತ ಲೂಕರಿಂದ. ಮೂವರೂ ಒಂದು ವಿಷಯವನ್ನು ಒತ್ತಿ ಹೇಳುತ್ತಾರೆ: ಯೇಸುವನ್ನು ಬೆಂಗಾಡಿಗೆ ಕರೆದೊಯ್ದದ್ದು ಸೈತಾನನಲ್ಲ, ಪವಿತ್ರಾತ್ಮ. ಅದೂ ಯಾವಾಗ? ಜೋರ್ಡಾನ್ ನದಿಯಲ್ಲಿ ದೀಕ್ಷಾಸ್ನಾನವಾಗಿ, ಇವನು ನನ್ನ ಪ್ರಿಯ ಪುತ್ರನೆಂದು ಪಿತನ ವಾಣಿ ಕೇಳಿಬಂದ ಮೇಲೆ. ಶೋಧಕನು ಮೊದಲು ಕೈ ಹಾಕಿದ್ದೂ ಅದೇ ಮಾತಿಗೆ. ನೀನು ನಿಜವಾಗಿಯೂ ಪುತ್ರನೇ ಆಗಿದ್ದರೆ ಮಾಡಿ ತೋರಿಸು ಎಂದು ಕೆಣಕಿದ. ಆದ್ದರಿಂದ ಶೋಧನೆ ಬಂದಿತೆಂದರೆ ದೇವರು ನಮ್ಮನ್ನು ಬಿಟ್ಟು ಹೋದರೆಂದು ಅರ್ಥವಲ್ಲ. ಅನೇಕ ವೇಳೆ ಕೃಪೆ ಬಂದ ಬಾಗಿಲಲ್ಲೇ ಅದು ಹಿಂಬಾಲಿಸಿ ಬರುತ್ತದೆ.

ಇನ್ನೂ ಒಂದು ಮಾತು. ಪಾಪವಿಲ್ಲದ ಯೇಸುವಿಗೂ ಶೋಧನೆ ಬಂತು. ಅವರು ಎಲ್ಲ ವಿಷಯಗಳಲ್ಲೂ ನಮ್ಮಂತೆಯೇ ಶೋಧನೆಗೆ ಒಳಗಾದರು, ಆದರೂ ಪಾಪರಹಿತರಾಗಿದ್ದರು ಎಂಬುದು ಹಿಬ್ರಿಯರಿಗೆ ಬರೆದ ಪತ್ರದ ಬೋಧನೆ. ಶೋಧನೆಯೇ ಪಾಪವಾಗಿದ್ದರೆ ಈ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಶೋಧನೆಗೆ ಒಳಗಾಗುವುದು ಬೇರೆ, ಶೋಧನೆಗೆ ಒಪ್ಪಿಗೆ ಕೊಡುವುದು ಬೇರೆ ಎಂದು ಸ್ಪಷ್ಟವಾಗಿ ಬೇರ್ಪಡಿಸುತ್ತದೆ.

ಹಾಗಾದರೆ ಗೆರೆ ಎಲ್ಲಿದೆ? 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಮಹಾ ಸಂತ ಗ್ರೆಗೊರಿಯವರು ಇದೇ ಶುಭಸಂದೇಶವನ್ನು ವಿವರಿಸುತ್ತಾ ಶೋಧನೆಗೆ ಮೂರು ಮೆಟ್ಟಿಲುಗಳಿವೆ ಎಂದರು: ಸೂಚನೆ, ಸವಿ, ಸಮ್ಮತಿ. ಮೊದಲು ಯೋಚನೆಯೊಂದು ಬಾಗಿಲು ತಟ್ಟುತ್ತದೆ. ಆಮೇಲೆ ಮನಸ್ಸು ಅದನ್ನು ಸವಿಯತೊಡಗುತ್ತದೆ. ಕೊನೆಗೆ ಇಚ್ಛೆ ಆಗಲಿ ಎನ್ನುತ್ತದೆ. ಕ್ರಿಸ್ತರ ಬಳಿ ಶೋಧನೆ ಬರಿಯ ಸೂಚನೆಯಾಗಿ ಹೊರಗೆ ಬಂದು ಹೋಯಿತು. ಒಳಗೆ ಅದಕ್ಕೆ ಸವಿಯೂ ಇರಲಿಲ್ಲ, ಸಮ್ಮತಿಯೂ ಇರಲಿಲ್ಲ. ನಮ್ಮ ಸಂಗತಿ ಬೇರೆ. ನಾವು ಎಷ್ಟೋ ಬಾರಿ ಎರಡನೆಯ ಮೆಟ್ಟಿಲಲ್ಲಿ ಎಡವುತ್ತೇವೆ. ಮೈದುನನ ಮನೆ ಹಾಳಾಗಲಿ ಎಂಬ ಮಾತು ತಾನಾಗಿ ಎದ್ದು ಬರುವುದು ಒಂದು. ಅದಕ್ಕೆ ಮಣೆ ಹಾಕಿ ಕೂರಿಸಿ, ಕಾಫಿ ಕೊಟ್ಟು, ಅವನ ಟ್ರಾಕ್ಟರ್ ಕೆಟ್ಟುಹೋದಂತೆ, ಅವನು ಸಾಲಕ್ಕೆ ಸಿಕ್ಕಿದಂತೆ ಕಲ್ಪಿಸಿಕೊಂಡು ಸುಖಪಡುವುದು ಇನ್ನೊಂದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ತಡೆಯುವ ಶಕ್ತಿಯನ್ನು ದೇವರ ಕೃಪೆ ನಮಗೆ ಕೊಡುತ್ತದೆ.

ಈಜಿಪ್ಟಿನ ಮರಳುಗಾಡಿನ ತಪಸ್ವಿಗಳು ಇದನ್ನು ಅನುಭವದಿಂದ ಅರಿತಿದ್ದರು. 399ರಲ್ಲಿ ತೀರಿಕೊಂಡ ಇವಾಗ್ರಿಯುಸ್ ಎಂಬ ತಪಸ್ವಿ, ಏಕಾಂತದಲ್ಲಿ ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದರು. ಆ ಯೋಚನೆಗಳು ಬರುವುದು ಬಿಡುವುದು ನಮ್ಮ ವಶದಲ್ಲಿಲ್ಲ, ಅವು ನಮ್ಮಲ್ಲಿ ಬಿಡಾರ ಹೂಡುವುದು ಬಿಡುವುದು ನಮ್ಮ ವಶದಲ್ಲಿದೆ ಎಂಬುದು ಅವರ ಬೋಧನೆಯ ಸಾರ. ಇವರಿಗಿಂತ ಹಿಂದಿನವರು ಸಂತ ಅಂತೋಣಿ. ನಾವು ಮಂಗಳವಾರ ಪ್ರಾರ್ಥಿಸುವ ಪದುವಾದ ಅಂತೋಣಿಯವರಲ್ಲ. 356ರಲ್ಲಿ ನಿಧನರಾದ, ಸನ್ಯಾಸಿಗಳ ತಂದೆ ಎನಿಸಿಕೊಂಡ ಈಜಿಪ್ಟಿನ ಅಂತೋಣಿಯವರು. ಸಂತ ಅಥನಾಸಿಯುಸರು ಬರೆದ ಅವರ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಭಯಂಕರ ಶೋಧನೆಗಳ ರಾತ್ರಿ ಕಳೆದು ಬೆಳಕು ಮೂಡಿದಾಗ ಅಂತೋಣಿಯವರು, ಪ್ರಭುವೇ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಕೇಳುತ್ತಾರೆ. ಇಲ್ಲೇ ಇದ್ದು ನಿನ್ನ ಹೋರಾಟವನ್ನು ನೋಡುತ್ತಿದ್ದೆ ಎಂಬ ಉತ್ತರ ಬರುತ್ತದೆ. ಆ ಸಂಜೆಯ ಒಂದು ಗಂಟೆಯಲ್ಲಿ ನಮ್ಮ ತಾಯಿಯ ಬಳಿಯಲ್ಲೂ ಪ್ರಭು ಇದ್ದರು ಎಂದು ನಾನು ನಂಬುತ್ತೇನೆ.

ನಮ್ಮ ಕನ್ನಡದ ಶೋಧನೆ ಎಂಬ ಪದವನ್ನೇ ಗಮನಿಸಿ. ಹುಡುಕುವುದು, ಪರೀಕ್ಷಿಸುವುದು, ಶುದ್ಧಿಗೊಳಿಸುವುದು, ಎಲ್ಲ ಅರ್ಥಗಳೂ ಅದರಲ್ಲಿವೆ. ಸೈತಾನನು ಶಿಷ್ಯರನ್ನು ಗೋಧಿಯಂತೆ ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆಂದು ಯೇಸುಸ್ವಾಮಿ ಪೇತ್ರರಿಗೆ ಹೇಳಿದರು. ಅದರ ಬೆನ್ನಿಗೇ, ನಿನ್ನ ವಿಶ್ವಾಸ ಕುಂದದಿರಲೆಂದು ನಾನು ಪ್ರಾರ್ಥಿಸಿದ್ದೇನೆ ಎಂದೂ ಹೇಳಿದರು. ಜರಡಿ ಹಿಡಿಯುವವನ ಉದ್ದೇಶ ಕೆಟ್ಟದ್ದಿರಬಹುದು. ಆದರೂ ಕಾಳು ಯಾವುದು, ಹೊಟ್ಟು ಯಾವುದು ಎಂದು ನಮಗೆ ಗೊತ್ತಾಗುತ್ತದೆ.

ಇನ್ನು ಶೋಧಕನ ಉಪಾಯವನ್ನು ನೋಡಿ. ಅವನು ಯೇಸುವಿನ ಮುಂದೆ ಕೆಟ್ಟ ವಸ್ತುಗಳನ್ನು ಇಡಲಿಲ್ಲ. ಹಸಿದವನಿಗೆ ರೊಟ್ಟಿ ಒಳ್ಳೆಯದೇ. ದೇವರ ಕಾವಲಿನಲ್ಲಿ ಭರವಸೆ ಒಳ್ಳೆಯದೇ. ಅದಕ್ಕಾಗಿ ಅವನು ಕೀರ್ತನೆಯ ಮಾತನ್ನೇ ಉದಾಹರಿಸಿದ. ಲೋಕದ ರಾಜ್ಯಗಳೆಲ್ಲ ಕ್ರಿಸ್ತರದಾಗುವುದೂ ಒಳ್ಳೆಯದೇ. ಕೆಟ್ಟದ್ದು ಅವನು ತೋರಿಸಿದ ಅಡ್ಡದಾರಿ. ನಮ್ಮ ತಾಯಿಯ ಕೋಪದ ಒಳಗೂ ಒಂದು ಒಳ್ಳೆಯ ಆಸೆಯಿತ್ತು. ತಮ್ಮ ಗಂಡನಿಗೆ ಆದ ಅನ್ಯಾಯವನ್ನು ಯಾರಾದರೂ ಅನ್ಯಾಯವೆಂದು ಒಪ್ಪಿಕೊಳ್ಳಲಿ ಎಂಬ ಆಸೆ ಅದು. ಅದು ಪಾಪವಲ್ಲ. ಮತ್ತೊಂದು ಮನೆಯ ಹಾಳಿನಲ್ಲಿ ಅದಕ್ಕೆ ಪರಿಹಾರವಿದೆ ಎಂಬುದೇ ಶೋಧಕನ ಸುಳ್ಳು.

ಯೇಸು ಅವನೊಡನೆ ವಾದಕ್ಕೆ ಇಳಿಯಲಿಲ್ಲ. ಮೂರು ಬಾರಿಯೂ ಧರ್ಮೋಪದೇಶ ಕಾಂಡದ ವಾಕ್ಯಗಳಿಂದಲೇ ಉತ್ತರಿಸಿದರು. ಇಸ್ರಯೇಲ್ ಜನಾಂಗವು 40 ವರ್ಷ ಬೆಂಗಾಡಿನಲ್ಲಿ ಅಲೆದು ಕಲಿತ ಪಾಠಗಳೇ ಆ ವಾಕ್ಯಗಳು. ಅವರು ಎಡವಿದ ಜಾಗದಲ್ಲಿ ಯೇಸು 40 ದಿನ ಅಚಲರಾಗಿ ನಿಂತರು. ನಾವೂ ಶೋಧನೆಯ ಹೊತ್ತಿನಲ್ಲಿ ನಮ್ಮ ಜಾಣತನವನ್ನು ನೆಚ್ಚಬಾರದು. ಮೊದಲೇ ಬಾಯಿಪಾಠವಾಗಿರುವ ಒಂದು ದೇವರ ವಾಕ್ಯ ಕೈಗೆ ಎಟುಕುವಂತಿರಬೇಕು. ಹಸಿವಾದಾಗ ಭತ್ತ ಬಿತ್ತಿದರೆ ಆಗುತ್ತದೆಯೇ?

ಆ ವಾರವೇ ನಾನು ಅವರ ಮನೆಗೆ ಹೋದೆ. ಇಷ್ಟನ್ನೂ ಇಷ್ಟು ಉದ್ದವಾಗಿ ಹೇಳಲಿಲ್ಲ. "ಅಮ್ಮಾ, ಆ ಮಾತು ನಿಮ್ಮ ಬಾಗಿಲು ತಟ್ಟಿತು. ನೀವು ಹೆದರಿ ನನ್ನ ಹತ್ತಿರ ಓಡಿ ಬಂದಿರಿ. ಹೆದರಿದ್ದೇ ನೀವು ಒಪ್ಪಿಗೆ ಕೊಟ್ಟಿಲ್ಲ ಎನ್ನುವುದಕ್ಕೆ ಗುರುತು" ಎಂದೆ. ಅವರು ಸುಮ್ಮನೆ ಬಿಡುವವರಲ್ಲ. "ಕಾಣಿಕೆ ಬಲಿಪೀಠದ ಮುಂದೆ ಇಟ್ಟು, ಮೊದಲು ಸಹೋದರನ ಜೊತೆ ರಾಜಿಯಾಗು ಅಂತ ಸ್ವಾಮಿ ಹೇಳಿಲ್ವಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕ್ಷಮೆ ಎಂಬುದು ಮರೆವಲ್ಲ, ಇಚ್ಛೆಯ ಕಾರ್ಯ. ಆದ ನೋವನ್ನು ಅನುಭವಿಸದಿರುವುದಾಗಲಿ, ಮರೆಯುವುದಾಗಲಿ ನಮ್ಮ ಶಕ್ತಿಯಲ್ಲಿಲ್ಲ. ಪವಿತ್ರಾತ್ಮರಿಗೆ ತನ್ನನ್ನು ಒಪ್ಪಿಸಿಕೊಂಡ ಹೃದಯ ಆ ನೋವನ್ನೇ ಕನಿಕರವಾಗಿ ಮಾರ್ಪಡಿಸುತ್ತದೆ ಎಂದು ಧರ್ಮಸಭೆ ಬೋಧಿಸುತ್ತದೆ. "ಅವನಿಗೆ ಕೇಡಾಗುವುದನ್ನು ನೀವು ಬಯಸುತ್ತೀರಾ, ಅಥವಾ ಆ ಬಯಕೆ ಹೋಗಲಿ ಎಂದು ಬಯಸುತ್ತೀರಾ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹೋಗಲಿ ಅಂತಾನೇ ಬಯಸ್ತೀನಿ" ಎಂದರು. "ಹಾಗಾದರೆ ರಾಜಿಯ ದಾರಿಗೆ ಕಾಲಿಟ್ಟಿದ್ದೀರಿ. ಬನ್ನಿ, ಪ್ರಸಾದ ಸ್ವೀಕರಿಸಿ. ಅದು ನಡೆಯಲಾರದವರಿಗೆ ಬಲ ಕೊಡುವ ಊಟ" ಎಂದೆ.

ಪ್ರಿಯರೇ, ನಿಮ್ಮ ತಪಸ್ಸುಕಾಲಕ್ಕೆ ಉಪಯೋಗವಾಗುವ ಮೂರು ಮಾತುಗಳನ್ನು ಹೇಳಿ ಮುಗಿಸುತ್ತೇನೆ.

ಒಂದು, ದಿನಕ್ಕೆ ಕಾಲು ಗಂಟೆಯಾದರೂ ಏಕಾಂತ ಇರಲಿ. ಸಂಸಾರಸ್ಥರಿಗೆ ಬೆಂಗಾಡು ಎಲ್ಲಿಂದ ಬರಬೇಕು ಎನ್ನಬೇಡಿ. ಮಕ್ಕಳು ಶಾಲೆಗೆ ಹೋದ ಮೇಲಿನ ಅಡಿಗೆಮನೆ, ರಾತ್ರಿ ಪಾಳಿ ಮುಗಿಸಿ ಬರುವ ಬಸ್ಸಿನ ಕಿಟಕಿ, ನೀರು ಕಟ್ಟುವ ಹೊಲದ ಬದು, ಎಲ್ಲವೂ ಆಗಬಹುದು. ಮೊಬೈಲ್ ಮಾತ್ರ ದೂರವಿರಲಿ. ಇದನ್ನು ನನಗೂ ಹೇಳಿಕೊಳ್ಳುತ್ತಿದ್ದೇನೆ. ಪ್ರಾರ್ಥನೆಯ ನಡುವೆ ನನ್ನ ಕೈಯೂ ಅದರತ್ತ ಹೋಗುತ್ತದೆ.

ಎರಡು, ಅಲ್ಲಿ ಎದ್ದು ಬಂದದ್ದನ್ನು ಕಂಡು ಓಡಿಹೋಗಬೇಡಿ, ಅದರೊಡನೆ ಹರಟೆಗೂ ಕೂರಬೇಡಿ. ಅದರ ಹೆಸರು ಹಿಡಿದು ದೇವರಿಗೆ ತೋರಿಸಿ: ಪ್ರಭುವೇ, ಇದು ನನ್ನ ಕೋಪ, ಇದು ನನ್ನ ಹೊಟ್ಟೆಕಿಚ್ಚು.

ಮೂರು, ಏಕಾಂತ ಬೇರೆ, ಒಂಟಿತನ ಬೇರೆ. ಏಕಾಂತದಲ್ಲಿ ನಾವು ದೇವರೊಡನೆ ಇರುತ್ತೇವೆ. ಒಂಟಿತನದಲ್ಲಿ ನಮ್ಮ ನೋವಿನೊಡನೆ ಮಾತ್ರ. ಮರಳುಗಾಡಿನ ತಪಸ್ವಿಗಳೂ ತಮ್ಮನ್ನು ಕಾಡುವ ಯೋಚನೆಗಳನ್ನು ಹಿರಿಯರೊಬ್ಬರ ಮುಂದೆ ಬಿಚ್ಚಿಡುತ್ತಿದ್ದರು. ಬದುಕೇ ಬೇಡವೆನಿಸಿ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಉಪದೇಶ ಕೊಡಲಿಲ್ಲ, ರೊಟ್ಟಿ ನೀರು ಕೊಟ್ಟ. ನಿಮಗೆ ಮನಸ್ಸು ಕುಸಿದು ಬದುಕು ಬೇಡವೆನಿಸಿದರೆ, ಒಬ್ಬರೇ ಬಾಗಿಲು ಹಾಕಿಕೊಂಡು ಕೂರುವುದು ತಪಸ್ಸಲ್ಲ. ಮನೆಯವರಿಗೆ ತಿಳಿಸಿ, ಗುರುಗಳ ಬಳಿ ಬನ್ನಿ, ವೈದ್ಯರ ಬಳಿ ಹೋಗಿ.

ಆ ತಾಯಿ ಮೈದುನನ ಮನೆಗೆ ಇನ್ನೂ ಹೋಗಿಲ್ಲ. ಆದರೆ ಪ್ರತಿ ಸಂಜೆ ಅವನ ಹೆಸರು ಹೇಳಿ ಒಂದು ಪರಲೋಕ ಮಂತ್ರ ಹೇಳುತ್ತಾರಂತೆ. "ಮೊದಮೊದಲು ಹಲ್ಲು ಕಚ್ಚಿ ಹೇಳ್ತಿದ್ದೆ ಸ್ವಾಮಿ. ಈಗ ಬಾಯಿ ಸ್ವಲ್ಪ ಸಡಿಲ ಆಗಿದೆ" ಎಂದು ನಕ್ಕರು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಮ್ಮ ರೈತರು ಮೂಗು ಮುಚ್ಚಿಕೊಂಡು ಹೋಗುವುದಿಲ್ಲ. ಆ ಹೂಳನ್ನು ತೆಗೆದು ಹೊಲಕ್ಕೆ ಹಾಕುತ್ತಾರೆ. ಕೆರೆಗೆ ನೀರು ನಿಲ್ಲುವ ಜಾಗ ಸಿಗುತ್ತದೆ, ಹೊಲಕ್ಕೆ ಗೊಬ್ಬರ ಸಿಗುತ್ತದೆ. ಪಾಸ್ಕ ಹಬ್ಬಕ್ಕೆ ಇನ್ನೂ ದಿನಗಳಿವೆ. ಹೂಳೆತ್ತಲು ಇದೇ ಸಕಾಲ. ಬೆಂಗಾಡಿನಲ್ಲಿ ನಮಗಿಂತ ಮೊದಲೇ ನಡೆದ ಪ್ರಭು ಯೇಸು ನಮ್ಮ ಜೊತೆಗಿರಲಿ.